ಮೊದಲು ಮೂಗು, ಆಮೇಲೆ ಕನ್ನಡಿ: ಹದಿಹರೆಯದ ಮಕ್ಕಳಿಗೆ ಫ್ರೇಮ್ ಆರಿಸುವ ಕ್ರಮ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕುಮಟಾದ ನನ್ನ ಕನ್ನಡಕದಂಗಡಿಯಲ್ಲಿ ಒಂದೇ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ: "ಸ್ವಲ್ಪ ದೊಡ್ಡದೇ ಕೊಡಿ, ಮುಂದಿನ ವರ್ಷಕ್ಕೂ ಆಗಲಿ." ಸಮವಸ್ತ್ರಕ್ಕೆ ಈ ಲೆಕ್ಕ ಸರಿ. ಲಂಗದ ಅಂಚನ್ನು ಒಳಗೆ ಮಡಚಿ ಹೊಲಿಸಿ ಮರುವರ್ಷ ಬಿಚ್ಚಿಸಬಹುದು. ಫ್ರೇಮಿಗೆ ಬಿಚ್ಚುವ ಅಂಚಿಲ್ಲ. ದೊಡ್ಡ ಫ್ರೇಮ್ ಹಾಕಿಕೊಂಡ ಹುಡುಗ ವರ್ಷವಿಡೀ ತೋರುಬೆರಳಿನಿಂದ ಅದನ್ನು ಮೇಲೆ ತಳ್ಳುತ್ತಲೇ ಇರುತ್ತಾನೆ. ತಳ್ಳಿ ತಳ್ಳಿ ಬೇಸತ್ತು ಒಂದು ದಿನ ಕಂಪಾಸು ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಬಿಡುತ್ತಾನೆ. ಬೋರ್ಡು ಕಾಣುವುದಿಲ್ಲ ಎಂಬ ದೂರು ಮತ್ತೆ ಶುರುವಾಗುತ್ತದೆ.

ಮಕ್ಕಳ ತಕರಾರು ಬೇರೆ. ಮೊಬೈಲಿನಲ್ಲಿ ಯಾರದೋ ಮುಖದ ಮೇಲೆ ಕಂಡ ಫ್ರೇಮನ್ನು ತೋರಿಸಿ "ಇದೇ ಬೇಕು" ಎನ್ನುತ್ತಾರೆ. ಅಪ್ಪನ ಮುಂದಿನ ವರ್ಷಕ್ಕೂ ಮಗಳ ಮೊಬೈಲಿನ ಚಿತ್ರಕ್ಕೂ ನಡುವೆ ಇರುವ ಮೂಗನ್ನು ಯಾರೂ ವಿಚಾರಿಸುವುದಿಲ್ಲ. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತು ನನ್ನಲ್ಲೊಂದು ಹಟ ಬೆಳೆದಿದೆ. ಮೂಗಿನ ಮೇಲೆ ಸರಿಯಾಗಿ ಕೂರದ ಫ್ರೇಮನ್ನು ಹಾಕಿಕೊಂಡು ಕನ್ನಡಿ ನೋಡಲು ನಾನು ಬಿಡುವುದಿಲ್ಲ. ಒಮ್ಮೆ ಕನ್ನಡಿಯಲ್ಲಿ ನೋಡಿ ಮನಸ್ಸು ಮಾಡಿದ ಹದಿನಾಲ್ಕು ವರ್ಷದ ಮಗುವಿಗೆ ಆಮೇಲೆ ಮಿಲಿಮೀಟರಿನ ಪಾಠ ಹೇಳಿ ಪ್ರಯೋಜನವಿಲ್ಲ. ಕೆಳಗಿನ ಕ್ರಮ ಆ ಹಟದಿಂದ ಹುಟ್ಟಿದ್ದು. ನೀವು ಹೋಗುವ ಅಂಗಡಿ ಕಾರವಾರದ್ದಾಗಲಿ, ಶಿರಸಿಯದ್ದಾಗಲಿ, ಈ ಕ್ರಮ ನಡೆಯುತ್ತದೆ.

ಚೀಟಿ ಮೊದಲು

ಫ್ರೇಮ್ ನೋಡುವ ಮುನ್ನ ಕಣ್ಣಿನ ವೈದ್ಯರ ಚೀಟಿ ಕೈಯಲ್ಲಿರಬೇಕು. ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಹಳ ಚುರುಕು. ಯಂತ್ರದ ಮುಂದೆ ಕೂರಿಸಿದಾಗ ಅದು ಬಿಗಿಹಿಡಿದು ಇಲ್ಲದ ಮೈನಸ್ ನಂಬರನ್ನು ತೋರಿಸಬಹುದು, ಇರುವ ಪ್ಲಸ್ ನಂಬರನ್ನು ಮುಚ್ಚಿಡಬಹುದು. ಮೊದಲ ಸಲ ಕನ್ನಡಕ ಬರುವ ಮಕ್ಕಳಿಗೆ ವೈದ್ಯರು ಹನಿ ಹಾಕಿ, ಆ ಸ್ನಾಯುವನ್ನು ಸಡಿಲಿಸಿ ನೋಡುವುದು ಇದಕ್ಕೇ. ನನ್ನ ಅಂಗಡಿಯಲ್ಲೂ ಕಂಪ್ಯೂಟರ್ ಯಂತ್ರವಿದೆ. ಆದರೂ ಹೇಳುತ್ತೇನೆ: ಮೊದಲ ಕನ್ನಡಕವನ್ನು ಯಂತ್ರದ ಚೀಟಿಯೊಂದನ್ನೇ ನಂಬಿ ಮಾಡಿಸಬೇಡಿ.

ಹನಿ ಹಾಕಿದ ದಿನವೇ ಫ್ರೇಮ್ ಆರಿಸಲು ಬರಬೇಡಿ ಎಂಬುದು ಇನ್ನೊಂದು ಮಾತು. ದೇವಿಮನೆ ಘಟ್ಟ ಇಳಿದು ಬರುವವರಿಗೆ ಎರಡೂ ಕೆಲಸ ಒಂದೇ ದಿನ ಮುಗಿದರೆ ಅನುಕೂಲವೆಂದು ನನಗೂ ಗೊತ್ತು. ಆದರೆ ಹನಿ ಬಿದ್ದ ಕಣ್ಣಿಗೆ ಹತ್ತಿರದ್ದು ಮಸುಕು, ಬೆಳಕು ಚುಚ್ಚುತ್ತದೆ. ಆ ಕಣ್ಣಿನಿಂದ ಮಗು ಕನ್ನಡಿಯಲ್ಲಿ ಏನನ್ನು ನೋಡೀತು? ಎರಡನೇ ಸಲ ಬರಲು ಆಗದಿದ್ದರೆ ನಾಲ್ಕೈದು ಫ್ರೇಮ್ ಹಾಕಿಸಿ ಫೋಟೊ ತೆಗೆದುಕೊಂಡು ಹೋಗಿ, ಎರಡು ದಿನ ಬಿಟ್ಟು ಮಗುವೇ ನೋಡಿ ಫೋನಿನಲ್ಲಿ ಹೇಳಲಿ.

ಚೀಟಿಯಲ್ಲಿ ನಂಬರಿನ ಜೊತೆಗೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರವನ್ನೂ ಬರೆಸಿಕೊಳ್ಳಿ. ಅಂಗಡಿಯಲ್ಲಿ ಇದನ್ನು ಪಿ.ಡಿ. ಎನ್ನುತ್ತಾರೆ. ಹದಿಹರೆಯದಲ್ಲಿ ಮುಖ ಬೆಳೆಯುತ್ತಿರುವುದರಿಂದ ಇದು ಪ್ರತಿ ಸಲ ಹೊಸದಾಗಿ ಅಳೆಯಬೇಕಾದ ಅಳತೆ. ಹಳೆಯ ಚೀಟಿಯಿಂದ ನಕಲು ಮಾಡುವಂಥದ್ದಲ್ಲ.

ಹಣದ ಮುಗ್ಗಟ್ಟಿದ್ದರೆ ಒಂದು ವಿಷಯ ತಿಳಿದಿರಲಿ. ಶಾಲಾ ಮಕ್ಕಳ ಕಣ್ಣು ಪರೀಕ್ಷಿಸಿ, ಅಗತ್ಯವಿದ್ದವರಿಗೆ ಉಚಿತ ಕನ್ನಡಕ ಕೊಡುವ ವ್ಯವಸ್ಥೆ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿದೆ. ತಾಲೂಕು ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಅಥವಾ ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಕೇಳಿ. ಹಾಗೆ ಬಂದ ಕನ್ನಡಕವನ್ನೂ ಮೂಗಿಗೆ, ಕಿವಿಗೆ ಹೊಂದಿಸಿಕೊಳ್ಳಲು ಯಾವ ಅಂಗಡಿಗಾದರೂ ಸಂಕೋಚವಿಲ್ಲದೆ ಹೋಗಬಹುದು.

ಕಡ್ಡಿಯ ಒಳಬದಿಯ ಮೂರು ಸಂಖ್ಯೆಗಳು

ಮನೆಯಲ್ಲಿ ಹಳೆಯ ಕನ್ನಡಕವಿದ್ದರೆ ಅದರ ಕಡ್ಡಿಯ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿ. 48, ಒಂದು ಪುಟ್ಟ ಚೌಕ, 17, ಆಮೇಲೆ 135 ಎಂದು ಅಚ್ಚಾಗಿರುತ್ತದೆ. ಕೆಲವದರಲ್ಲಿ ಈ ಗುರುತು ಮೂಗಿನ ಸೇತುವೆಯ ಹಿಂದೆ ಇರುವುದುಂಟು. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ಎರಡು ಲೆನ್ಸುಗಳ ನಡುವಿನ ಸೇತುವೆಯ ಅಗಲ, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ.

ಹಳೆಯದು ಆರಾಮವಾಗಿತ್ತೇ ಎಂದು ಮಗುವನ್ನು ಕೇಳಿ. ಆರಾಮವಾಗಿತ್ತೆಂದರೆ ಆ ಮೂರು ಸಂಖ್ಯೆಗಳ ಆಸುಪಾಸಿನಲ್ಲೇ ಹುಡುಕಿ. ಮುಖ ಬೆಳೆದಿದ್ದರೆ ಲೆನ್ಸಿನಲ್ಲಿ ಎರಡು ಮಿಲಿಮೀಟರ್, ಕಡ್ಡಿಯಲ್ಲಿ ಐದು ಮಿಲಿಮೀಟರ್ ಹೆಚ್ಚಿಸಿದರೆ ಸಾಮಾನ್ಯವಾಗಿ ಸಾಕು. "ಜಾರುತ್ತಿತ್ತು" ಎಂದರೆ ಸೇತುವೆ ಅಗಲವಾಗಿತ್ತು ಅಥವಾ ಕಡ್ಡಿಯ ಬಾಗು ತಪ್ಪಿತ್ತು. "ತಲೆ ನೋಯುತ್ತಿತ್ತು" ಎಂದರೆ ಮುಂಭಾಗ ಇಕ್ಕಟ್ಟಾಗಿತ್ತೇ ಎಂದು ನೋಡಿ. ನಂಬರು ತಪ್ಪಿದ್ದರೂ ತಲೆ ನೋಯುತ್ತದೆ, ಅದು ವೈದ್ಯರಿಗೆ ಬಿಟ್ಟ ವಿಷಯ.

ಮೂಗು

ಕನ್ನಡಕದ ಭಾರದ ಬಹುಪಾಲು ಹೊರುವುದು ಮೂಗು. ಕಿವಿಯ ಕೆಲಸ ಅದನ್ನು ಮುಂದೆ ಜಾರದಂತೆ ಹಿಡಿಯುವುದು. ಇದು ಗೊತ್ತಿಲ್ಲದ ಮಂದಿ ಜಾರುವ ಕನ್ನಡಕವನ್ನು ಕಿವಿಯ ಹತ್ತಿರ ಬಿಗಿ ಮಾಡಿಸಿ, ಕಿವಿಯ ಹಿಂದೆ ಹುಣ್ಣು ಮಾಡಿಕೊಳ್ಳುತ್ತಾರೆ.

ಮಗುವಿನ ಮೂಗನ್ನು ಎದುರಿನಿಂದಲ್ಲ, ಪಕ್ಕದಿಂದ ನೋಡಿ. ಎರಡು ಕಣ್ಣುಗಳ ನಡುವೆ ಮೂಗಿನ ದಂಡೆ ಎತ್ತರವಾಗಿ ಎದ್ದಿದೆಯೇ, ತಗ್ಗಾಗಿದೆಯೇ? ಎತ್ತರವಾಗಿದ್ದರೆ ಪ್ಯಾಡ್ ಇಲ್ಲದ, ಒಂದೇ ಅಚ್ಚಿನ ಪ್ಲಾಸ್ಟಿಕ್ ಫ್ರೇಮ್ ಕೂಡ ಕೂರುತ್ತದೆ. ತಗ್ಗಾಗಿದ್ದರೆ ಅದೇ ಫ್ರೇಮ್ ಕೆನ್ನೆಯ ಮೇಲೆ ಇಳಿದು ಕೂರುತ್ತದೆ. ಆಗ ತಂತಿಯ ಮೇಲೆ ಕೂತ ಎರಡು ಪ್ಯಾಡ್‌ಗಳಿರುವ ಫ್ರೇಮೇ ಗತಿ. ಆ ತಂತಿಯನ್ನು ಇಕ್ಕಳದಲ್ಲಿ ಒಳಗೆ, ಹೊರಗೆ, ಮೇಲೆ, ಕೆಳಗೆ ಬಾಗಿಸಬಹುದು. ಬೆಳೆಯುವ ಮೂಗಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ದೊಡ್ಡ ಫ್ರೇಮ್ ಕೇಳುವ ಅಪ್ಪಂದಿರಿಗೆ ನಾನು ಕೊಡುವ ಉತ್ತರವೂ ಇದೇ: ಮುಂದಿನ ವರ್ಷಕ್ಕೆ ಆಗಬೇಕಾದರೆ ಅಗಲ ಹೆಚ್ಚಿಸಬೇಡಿ, ಪ್ಯಾಡ್ ಇರುವುದನ್ನು ತೆಗೆದುಕೊಳ್ಳಿ.

ಪರೀಕ್ಷೆ ಸುಲಭ. ಫ್ರೇಮ್ ಹಾಕಿಸಿ, ಎರಡೂ ಪ್ಯಾಡ್‌ಗಳು ಚರ್ಮಕ್ಕೆ ಪೂರ್ತಿ ತಾಗಿವೆಯೇ ನೋಡಿ. ಮೇಲಿನ ಅಂಚು ಮಾತ್ರ ತಾಗಿದರೆ ಒಂದೇ ವಾರದಲ್ಲಿ ಅಲ್ಲಿ ಕೆಂಪು ಗೀರು ಬೀಳುತ್ತದೆ. ಪ್ಯಾಡ್ ಇಲ್ಲದ ಫ್ರೇಮಾದರೆ ಸೇತುವೆಗೂ ಮೂಗಿಗೂ ನಡುವೆ ಬೆಳಕು ಕಾಣಬಾರದು. ಆಮೇಲೆ ಮಗುವಿಗೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಹೇಳಿ. ಫ್ರೇಮ್ ಬಿದ್ದರೆ, ಅಥವಾ ಕೈ ತಾನಾಗಿ ಮೂಗಿನತ್ತ ಹೋದರೆ, ಅದನ್ನು ಪೆಟ್ಟಿಗೆಗೆ ಹಿಂತಿರುಗಿಸಿ. ಎಷ್ಟೇ ಚೆಂದವಿರಲಿ.

ಇನ್ನೊಂದು ಪರೀಕ್ಷೆ: ನಗಿಸಿ. ನಕ್ಕಾಗ ಕೆನ್ನೆ ಮೇಲೇರುತ್ತದೆ. ಕೆನ್ನೆ ಫ್ರೇಮಿನ ಕೆಳ ಅಂಚನ್ನು ಎತ್ತಿದರೆ ಫ್ರೇಮ್ ತುಂಬ ಆಳ ಅಥವಾ ತುಂಬ ಕೆಳಗೆ ಕೂತಿದೆ. ಅಂಗಡಿಯಲ್ಲಿ ಹದಿಹರೆಯದವರು ನಗುವುದಿಲ್ಲ ಎಂಬುದೊಂದು ಕಷ್ಟ; ಅಪ್ಪ ಅಮ್ಮ ಹೊರಗೆ ಚಹಾ ಕುಡಿಯಲು ಹೋದ ಮೇಲೆ ನಗುತ್ತಾರೆ.

ಅಗಲ ಮತ್ತು ಕಿವಿ

ಫ್ರೇಮಿನ ಮುಂಭಾಗ ಮುಖದ ಅಗಲಕ್ಕೆ ಸಮವಾಗಿರಬೇಕು. ಕಡ್ಡಿಗಳು ಕಣತಲೆಯನ್ನು ಒತ್ತದೆ, ಹೊರಕ್ಕೆ ಬಿಲ್ಲಿನಂತೆ ಬಾಗದೆ, ನೇರವಾಗಿ ಕಿವಿಯವರೆಗೆ ಹೋಗಬೇಕು. ಕನ್ನಡಕ ತೆಗೆದಾಗ ಕಣತಲೆಯಲ್ಲಿ ಗೆರೆ ಮೂಡಿದ್ದರೆ ಇಕ್ಕಟ್ಟು. ಮುಂಭಾಗ ಇಕ್ಕಟ್ಟಾದ ಫ್ರೇಮ್ ಕೂಡ ಜಾರುತ್ತದೆ, ಇದು ಹಲವರಿಗೆ ಆಶ್ಚರ್ಯ. ಹುಣಸೆ ಬೀಜವನ್ನು ಎರಡು ಬೆರಳಲ್ಲಿ ಒತ್ತಿದರೆ ಮುಂದಕ್ಕೆ ಚಿಮ್ಮುವುದಿಲ್ಲವೇ, ಹಾಗೆ.

ಕಡ್ಡಿಯ ಬಾಗು ಕಿವಿಯ ಮೇಲ್ತುದಿ ದಾಟಿದ ಕೂಡಲೇ ಶುರುವಾಗಬೇಕು. ಬಾಗು ಮೊದಲೇ ಬಂದರೆ ಕಿವಿಯ ಬುಡ ನೋಯುತ್ತದೆ, ತಡವಾಗಿ ಬಂದರೆ ಹಿಡಿತವಿಲ್ಲ. ಇದನ್ನು ಅಂಗಡಿಯಲ್ಲಿ ಬಿಸಿ ಮಾಡಿ ಸರಿಪಡಿಸುತ್ತಾರೆ, ಆದ್ದರಿಂದ ಬಾಗು ಸರಿಯಿಲ್ಲವೆಂದು ಒಳ್ಳೆಯ ಫ್ರೇಮನ್ನು ಬಿಡಬೇಡಿ. ಕಡ್ಡಿಯ ಉದ್ದ ಪೂರ್ತಿ ತಪ್ಪಿದ್ದರೆ ಮಾತ್ರ ಬಿಡಿ. ಅಪ್ಪನ ಬೈಕಿನ ಹಿಂದೆ ಹೆಲ್ಮೆಟ್ ಹಾಕಿ ಕೂರುವ ಮಕ್ಕಳಿಗೆ ದಪ್ಪ ಕಡ್ಡಿ ಬೇಡ. ಹೆಲ್ಮೆಟಿನ ಒಳಗೆ ಅದು ಕಿವಿಯ ಮೇಲೆ ಒತ್ತುತ್ತದೆ. ಎರಡು ಜಡೆ ಹಾಕುವ ಹುಡುಗಿಯರು ಅಂಗಡಿಗೆ ಬರುವ ದಿನವೂ ಜಡೆ ಹಾಕಿಯೇ ಬರಲಿ. ಕಡ್ಡಿಯ ತುದಿ ಕೂದಲಿಗೆ ಸಿಕ್ಕುತ್ತದೆಯೋ ಇಲ್ಲವೋ ಆಗಲೇ ತಿಳಿಯುತ್ತದೆ.

ನಂಬರು ಹೆಚ್ಚಿದ್ದರೆ ಫ್ರೇಮ್ ಚಿಕ್ಕದು

ಇಲ್ಲಿ ಸ್ವಲ್ಪ ಗಣಿತವಿದೆ, ಬೇಸರ ಬೇಡ. ಲೆನ್ಸಿನ ಅಗಲ ಮತ್ತು ಸೇತುವೆಯ ಅಗಲವನ್ನು ಕೂಡಿಸಿ. 54 ಮತ್ತು 18 ಆದರೆ 72. ಮಗುವಿನ ಪಿ.ಡಿ. 58 ಎಂದುಕೊಳ್ಳೋಣ. ವ್ಯತ್ಯಾಸ 14, ಅಂದರೆ ಪ್ರತಿ ಲೆನ್ಸಿನ ಕೇಂದ್ರವನ್ನು ಮೂಗಿನ ಕಡೆಗೆ 7 ಮಿಲಿಮೀಟರ್ ಸರಿಸಿ ಕತ್ತರಿಸಬೇಕು. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿನಲ್ಲಿ ದಪ್ಪ. ಕೇಂದ್ರ ಒಳಗೆ ಸರಿದಷ್ಟೂ ಹೊರ ಅಂಚಿನಲ್ಲಿ ದಪ್ಪ ಭಾಗ ಉಳಿಯುತ್ತದೆ. ಅದೇ ಮಗುವಿಗೆ 46 ಮತ್ತು 16ರ ಫ್ರೇಮ್ ಆರಿಸಿದರೆ ಮೊತ್ತ 62, ಸರಿಸಬೇಕಾದದ್ದು 2 ಮಿಲಿಮೀಟರ್ ಮಾತ್ರ. ನಂಬರು ಮೈನಸ್ ಒಂದೋ ಒಂದೂವರೆಯೋ ಇದ್ದಾಗ ಈ ಲೆಕ್ಕ ಮರೆತರೂ ನಡೆಯುತ್ತದೆ. ಮೈನಸ್ ನಾಲ್ಕು ದಾಟಿದ ಮೇಲೆ ಮರೆಯುವಂತಿಲ್ಲ.

ಮರೆತವನ ಕಥೆಯನ್ನೂ ಹೇಳುತ್ತೇನೆ, ಮರೆತವನು ನಾನೇ. ಅಂಗಡಿ ಹಾಕಿದ ಹೊಸತರಲ್ಲಿ ಮೈನಸ್ ಆರರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದೊಡ್ಡ ಚೌಕದ ಫ್ರೇಮನ್ನು ಬಯಸಿದಳು. ಖಾಲಿ ಫ್ರೇಮಿನಲ್ಲಿ ಅವಳ ಮುಖ ಬಹಳ ಚೆನ್ನಾಗಿ ಕಾಣುತ್ತಿತ್ತು, ನಾನೂ ಹೂಂ ಎಂದೆ. ಲೆನ್ಸ್ ಕೂರಿಸಿದ ಮೇಲೆ ಅಂಚು ಫ್ರೇಮಿನಿಂದ ಹೊರಗೆ ಬಂದಿತ್ತು, ಕಣ್ಣುಗಳು ಪುಟ್ಟದಾಗಿದ್ದವು, ಕೆನ್ನೆಯ ಗೆರೆ ಲೆನ್ಸಿನೊಳಗೆ ಮುರಿದು ಒಳಕ್ಕೆ ಸರಿದಂತೆ ಕಾಣುತ್ತಿತ್ತು. ವಾರದಲ್ಲಿ ಅವಳ ತಾಯಿ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದರು. ತರಗತಿಯಲ್ಲಿ "ಸೋಡಾಬುಡ್ಡಿ" ಎಂದು ಕರೆದಿದ್ದರಂತೆ. ನನ್ನ ಖರ್ಚಿನಲ್ಲೇ 44ರ ದುಂಡು ಅಂಡಾಕಾರದ ಫ್ರೇಮಿಗೆ ಹೊಸ ಲೆನ್ಸ್ ಹಾಕಿಕೊಟ್ಟೆ. ಖಾಲಿ ಫ್ರೇಮಿನಲ್ಲಿ ಕಾಣುವ ಮುಖ ಸುಳ್ಳು ಹೇಳುತ್ತದೆಂದು ಅಂದು ಕಲಿತೆ.

ಹೆಚ್ಚು ಮೈನಸ್ ಇದ್ದವರಿಗೆ ಚಿಕ್ಕ, ಮೂಲೆಗಳು ದುಂಡಾದ, ಸುತ್ತಲೂ ಅಂಚಿರುವ ಪ್ಲಾಸ್ಟಿಕ್ ಫ್ರೇಮ್ ಒಳ್ಳೆಯದು. ಲೆನ್ಸಿನ ದಪ್ಪ ಅದರ ಅಂಚಿನ ಹಿಂದೆ ಅಡಗುತ್ತದೆ. ಕೆಳಗೆ ನೈಲಾನ್ ದಾರವಿರುವ ಅರ್ಧ ಫ್ರೇಮಿನಲ್ಲಿ ಅದು ಬೆತ್ತಲೆಯಾಗಿ ಕಾಣುತ್ತದೆ. ಪ್ಲಸ್ ನಂಬರಿನವರ ಲೆನ್ಸ್ ನಡುವೆ ದಪ್ಪ, ಕಣ್ಣು ದೊಡ್ಡದಾಗಿ ಕಾಣುತ್ತದೆ. ಅವರಿಗೂ ಚಿಕ್ಕ ಫ್ರೇಮೇ ಹಗುರ. ಮೈನಸ್ ನಾಲ್ಕರ ನಂತರ 1.60, ಆರರ ನಂತರ 1.67 ಇಂಡೆಕ್ಸಿನ ತೆಳು ಲೆನ್ಸ್ ಕೇಳಬಹುದು. ಇಂಡೆಕ್ಸ್ ಎಂದರೆ ಲೆನ್ಸಿನ ವಸ್ತು ಬೆಳಕನ್ನು ಬಾಗಿಸುವ ಅಳತೆ, ಅದು ಹೆಚ್ಚಿದಷ್ಟೂ ಲೆನ್ಸ್ ತೆಳು. ಆದರೆ ದೊಡ್ಡ ಫ್ರೇಮ್ ಆರಿಸಿ, ಆ ತಪ್ಪನ್ನು ದುಬಾರಿ ಲೆನ್ಸಿನಿಂದ ತಿದ್ದುವುದು ಜಾಣತನವಲ್ಲ. ನಂಬರು ಬದಲಾಗುವ ವಯಸ್ಸಿದು. ಅಷ್ಟು ಹಣ ಸುರಿದ ಲೆನ್ಸ್ ಎಂಟು ತಿಂಗಳಿಗೆ ಹಳತಾಗಬಹುದು.

ಈಗ ಕನ್ನಡಿ

ಮೇಲಿನ ಜರಡಿಯಲ್ಲಿ ಸೋಸಿದ ಮೇಲೆ ಟ್ರೇಯಲ್ಲಿ ಏಳೆಂಟು ಫ್ರೇಮ್ ಉಳಿದಿರುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಕಣ್ಣಿಗೆ, ಮೂಗಿಗೆ ಅಪಾಯವಿಲ್ಲ. ಆದ್ದರಿಂದ ಇಲ್ಲಿಂದ ಮುಂದೆ ಹಿರಿಯರ ಮಾತು ಬೇಡ. ಆಯಿ, ಅಪ್ಪಯ್ಯ ಇಬ್ಬರೂ ಎರಡು ಹೆಜ್ಜೆ ಹಿಂದೆ ನಿಂತರೆ ಕೆಲಸ ಬೇಗ ಆಗುತ್ತದೆ. ದಿನಕ್ಕೆ ಹದಿನಾಲ್ಕು ತಾಸು ಅದನ್ನು ಮುಖದ ಮೇಲೆ ಹೊರುವುದು ಮಗು. ತಾನೇ ಆರಿಸಿದ್ದನ್ನು ಅದು ಹಾಕುತ್ತದೆ. ಹೇರಿದ್ದನ್ನು ಮನೆ ದಾಟಿದ ಕೂಡಲೇ ಚೀಲಕ್ಕೆ ಸೇರಿಸುತ್ತದೆ.

ಒಂದು ಗಂಟು ಇಲ್ಲಿದೆ. ಮೈನಸ್ ಮೂರು, ನಾಲ್ಕು ಇರುವ ಮಗುವಿಗೆ ಖಾಲಿ ಫ್ರೇಮ್ ಹಾಕಿದಾಗ ಕನ್ನಡಿಯಲ್ಲಿ ತನ್ನ ಮುಖವೇ ಮಸುಕು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತದೆ, ಪೂರ್ತಿ ಮುಖ ಕಾಣುವುದಿಲ್ಲ. ಯಾರಾದರೂ ಐದಾರು ಅಡಿ ದೂರ ನಿಂತು, ಮುಖದ ಮಟ್ಟದಲ್ಲಿ ಮೊಬೈಲ್ ಹಿಡಿದು ಫೋಟೊ ತೆಗೆಯಿರಿ. ಎದುರಿನಿಂದ ಒಂದು, ಪಕ್ಕದಿಂದ ಒಂದು, ನಗುತ್ತ ಒಂದು. ಮಗು ತನ್ನ ಹಳೆಯ ಕನ್ನಡಕ ಹಾಕಿಕೊಂಡು ಆ ಫೋಟೊಗಳನ್ನು ಸಾಲಾಗಿ ನೋಡಲಿ. ಕೈ ಚಾಚಿ ತೆಗೆದ ಸೆಲ್ಫಿ ಬೇಡ. ಹತ್ತಿರದ ಕ್ಯಾಮೆರಾ ಮೂಗನ್ನು ದಪ್ಪಗೆ, ಕಿವಿಯನ್ನು ಹಿಂದಕ್ಕೆ ತೋರಿಸಿ ಒಳ್ಳೆಯ ಫ್ರೇಮಿಗೂ ಹೆಸರು ಕೆಡಿಸುತ್ತದೆ.

ಏನನ್ನು ನೋಡಬೇಕು? ನಾನು ಮೊದಲು ನೋಡುವುದು ಹುಬ್ಬು. ಫ್ರೇಮಿನ ಮೇಲಿನ ಗೆರೆ ಹುಬ್ಬಿನ ಓಟವನ್ನು ಅನುಸರಿಸಿದರೆ ಮುಖ ಶಾಂತವಾಗಿ ಕಾಣುತ್ತದೆ. ಹುಬ್ಬು ಫ್ರೇಮಿನ ಮೇಲೆ ಎತ್ತರದಲ್ಲಿ ಒಂಟಿಯಾಗಿ ನಿಂತರೆ ಸದಾ ಬೆರಗಾದ ಮುಖ. ಪೂರ್ತಿ ಫ್ರೇಮಿನೊಳಗೆ ಸೇರಿದರೆ ಫ್ರೇಮಿಗೂ ಹುಬ್ಬಿಗೂ ಜಗಳ. ಕಣ್ಣಿನ ಪಾಪೆ ಲೆನ್ಸಿನ ನಡುಮಧ್ಯದಲ್ಲಿ ಅಥವಾ ಅದಕ್ಕಿಂತ ಕೂದಲೆಳೆಯಷ್ಟು ಮೇಲಿರಲಿ.

ದುಂಡು ಮುಖಕ್ಕೆ ಮೂಲೆಯಿರುವ ಫ್ರೇಮ್, ಚೌಕ ದವಡೆಗೆ ದುಂಡು ಫ್ರೇಮ್, ಉದ್ದ ಮುಖಕ್ಕೆ ಸ್ವಲ್ಪ ಆಳದ ಫ್ರೇಮ್, ಹಣೆ ಅಗಲ ಗಲ್ಲ ಚೂಪು ಇರುವವರಿಗೆ ಕೆಳಗೆ ಅಗಲವಾದದ್ದು ಎಂಬ ಪಟ್ಟಿಯನ್ನು ನೀವೂ ಓದಿರುತ್ತೀರಿ. ಮುಖದ ಗೆರೆಗೆ ವಿರುದ್ಧವಾದ ಗೆರೆ ಸಮತೋಲ ಕೊಡುತ್ತದೆ ಎಂಬುದಿಷ್ಟೇ ಅದರ ತಿರುಳು. ಆದರೆ ಹದಿನಾಲ್ಕರ ಮುಖ ಹದಿನೇಳಕ್ಕೆ ಇರುವುದಿಲ್ಲ, ಕೆನ್ನೆ ಇಳಿಯುತ್ತದೆ, ದವಡೆ ಬರುತ್ತದೆ. ಪಟ್ಟಿಗೆ ಅಷ್ಟು ಭಕ್ತಿ ಬೇಡ. ಎರಡು ಫ್ರೇಮುಗಳ ನಡುವೆ ಮನಸ್ಸು ತೂಗುತ್ತಿದ್ದಾಗ ಮಾತ್ರ ಅದನ್ನು ಕೇಳಿ.

ಬಣ್ಣದ ವಿಷಯದಲ್ಲಿ ಕಪ್ಪೊಂದನ್ನೇ ಹಿಡಿದು ಕೂರಬೇಡಿ. ನಮ್ಮ ಗೋಧಿ ಮೈಬಣ್ಣಕ್ಕೂ ಎಣ್ಣೆಗಪ್ಪಿಗೂ ಆಮೆಚಿಪ್ಪಿನ ಕಂದು, ಕಡುನೀಲಿ, ಕೋಕಂ ಹಣ್ಣಿನಂಥ ಕಡುಗೆಂಪು ಚೆನ್ನಾಗಿ ಒಪ್ಪುತ್ತವೆ. ಈಗ ಬಹಳ ಮಕ್ಕಳು ಕೇಳುವ ಪಾರದರ್ಶಕ ಫ್ರೇಮ್ ಮುಖದ ಮೇಲೆ ಭಾರ ಕಾಣುವುದಿಲ್ಲ ನಿಜ. ಬೆವರು ಮತ್ತು ಎಣ್ಣೆಗೆ ಒಂದು ವರ್ಷದೊಳಗೆ ಹಳದಿಗೆ ತಿರುಗುವುದೂ ನಿಜ. ತಿಳಿದೇ ತೆಗೆದುಕೊಳ್ಳಿ. ಶಾಲೆಯಲ್ಲಿ ಬಣ್ಣದ ನಿಯಮವಿದ್ದರೆ ಮೊದಲೇ ಕೇಳಿರಿ.

ಬೆವರು, ಉಪ್ಪು, ಮಳೆ

ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಫ್ರೇಮ್ ಭಟ್ಕಳದಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ನನ್ನ ಕೈಗೆ ಬಂದಾಗ ಅದರ ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಪ್ಯಾಡಿನ ಸುತ್ತ ಹಸಿರು ಕಿಲುಬು. ಅಗ್ಗದ ಲೋಹದ ಫ್ರೇಮುಗಳಲ್ಲಿ ತಾಮ್ರ ಮತ್ತು ನಿಕ್ಕಲ್ ಬೆರೆತ ಮಿಶ್ರಲೋಹ ಸಾಮಾನ್ಯ. ಮೇಲಿನ ಲೇಪ ಸವೆದ ಕೂಡಲೇ ಬೆವರಿನ ಉಪ್ಪು ತಾಮ್ರವನ್ನು ಹಿಡಿಯುತ್ತದೆ. ಹಸಿರಾಗುವುದು ತಾಮ್ರದಿಂದ, ಕೆಲವರ ಚರ್ಮದಲ್ಲಿ ತುರಿಕೆ, ಕೆಂಪು ಗಂಧೆ ಏಳುವುದು ನಿಕ್ಕಲ್‌ನಿಂದ. ನಕಲಿ ಕಿವಿಯೋಲೆ ಹಾಕಿದಾಗ ಕಿವಿ ಸೋರುವ ಹುಡುಗಿಯರಿಗೆ ಈ ಲೋಹದ ಫ್ರೇಮ್ ಬೇಡವೇ ಬೇಡ. ಬಾಗಿಸಿದರೂ ಮೊದಲ ಆಕಾರಕ್ಕೆ ಮರಳುವ ಫ್ರೇಮುಗಳಲ್ಲೂ ನಿಕ್ಕಲ್ ಇರುತ್ತದೆ ಎಂಬುದು ನೆನಪಿರಲಿ.

ಕರಾವಳಿಗೆ ನನ್ನ ಆಯ್ಕೆ ಹೀಗೆ. ಹಣವಿದ್ದರೆ ಟೈಟಾನಿಯಂ, ಹಗುರ, ಉಪ್ಪಿಗೆ ಜಗ್ಗುವುದಿಲ್ಲ. ಇಲ್ಲದಿದ್ದರೆ ಟಿಆರ್-90 ಎಂಬ ನೈಲಾನ್ ಜಾತಿಯ ಪ್ಲಾಸ್ಟಿಕ್. ಹಗುರ, ಬಳುಕುತ್ತದೆ, ಚೀಲದಡಿ ಸಿಕ್ಕರೂ ಬದುಕುತ್ತದೆ. ಅದರ ದೋಷವೆಂದರೆ ಬಿಸಿ ಮಾಡಿ ಬಾಗಿಸಿದರೂ ಮಾತು ಕೇಳುವುದಿಲ್ಲ, ಆದ್ದರಿಂದ ಕೊಳ್ಳುವಾಗಲೇ ಸರಿಯಾಗಿ ಕೂರಬೇಕು. ಅಸಿಟೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಫ್ರೇಮ್ ಬಣ್ಣದಲ್ಲಿ ರಾಜ. ಬಿಸಿಗೆ ಮಣಿಯುತ್ತದೆ, ಆದರೆ ಭಾರ. ಬೆವರು ಕಡಿಮೆಯಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಗೆ ಅದು ಚೆನ್ನಾಗಿ ಬಾಳುತ್ತದೆ. ಅಂಕೋಲೆಯ ಏಪ್ರಿಲ್‌ನಲ್ಲಿ ಜಾರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ನಡುವಿನ ದಾರಿ. ಯಾವುದೇ ಇರಲಿ, ಲೆನ್ಸ್ ಸೇರಿ 25 ಗ್ರಾಂ ದಾಟದಿದ್ದರೆ ಒಳ್ಳೆಯದು. ಪ್ಯಾಡ್ ಸಿಲಿಕೋನಿನದಿರಲಿ, ಹಳದಿಯಾದಾಗ ಬದಲಿಸಿ. ಕೀಲಿನಲ್ಲಿ ಸ್ಪ್ರಿಂಗ್ ಇದ್ದರೆ ಒಂದೇ ಕೈಯಲ್ಲಿ ಎಳೆದು ತೆಗೆಯುವ ಮಕ್ಕಳಿಂದ ಫ್ರೇಮ್ ಸ್ವಲ್ಪ ಕಾಲ ಉಳಿಯುತ್ತದೆ.

ಮಳೆಗಾಲದಲ್ಲಿ ಲೆನ್ಸಿಗೆ ಆವಿ ಕಟ್ಟುವುದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಹುಬ್ಬು, ಕೆನ್ನೆಗೆ ಅಂಟಿ ಕೂತ ಫ್ರೇಮಿನಲ್ಲಿ ಗಾಳಿಯಾಡದೆ ಅದು ಹೆಚ್ಚು. ರೆಪ್ಪೆ ಲೆನ್ಸಿಗೆ ತಾಗದಷ್ಟು, ಸುಮಾರು 12ರಿಂದ 14 ಮಿಲಿಮೀಟರ್, ಅಂತರವಿರಲಿ.

ಲೆನ್ಸಿನ ಮೇಲೆ ಖರ್ಚು

ಆಟವಾಡುವ ಮಕ್ಕಳಿಗೆ ಪಾಲಿಕಾರ್ಬೊನೇಟ್ ಲೆನ್ಸ್ ಹಾಕಿಸಿ. ಚೆಂಡು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಗೀರು ಬೇಗ ಬೀಳುತ್ತದೆ, ಆದ್ದರಿಂದ ಗೀರುತಡೆ ಲೇಪ ಬೇಕು. ಒಂದೇ ಕಣ್ಣಿನಲ್ಲಿ ಚೆನ್ನಾಗಿ ಕಾಣುವ ಮಗುವಿಗೆ ಇದು ಕಡ್ಡಾಯವೆಂದೇ ತಿಳಿಯಿರಿ. ಕಬಡ್ಡಿಯಲ್ಲಿ ಯಾವ ಕನ್ನಡಕವೂ ಬೇಡ, ತೆಗೆದಿಟ್ಟು ಆಡಲಿ. ಪ್ರತಿಫಲನ ತಡೆಯುವ ಲೇಪಕ್ಕೆ ಕೊಡುವ ಹಣ ದಂಡವಲ್ಲ. ಎದುರಿನವರಿಗೆ ಟ್ಯೂಬ್‌ಲೈಟಿನ ಬದಲು ಮಗುವಿನ ಕಣ್ಣು ಕಾಣುತ್ತದೆ, ಅಂದಕ್ಕೆ ಅದು ಫ್ರೇಮಿನಷ್ಟೇ ಮುಖ್ಯ.

ನೀಲಿ ಬೆಳಕು ತಡೆಯುವ ಲೆನ್ಸ್ ಬಗ್ಗೆ ನಮ್ಮ ಕಸುಬಿನವರು ನನ್ನ ಮೇಲೆ ಸಿಟ್ಟಾಗಬಹುದು. ಪರದೆ ನೋಡಿ ಕಣ್ಣು ದಣಿಯುವುದನ್ನು ಇವು ಸಾಮಾನ್ಯ ಲೆನ್ಸಿಗಿಂತ ಹೆಚ್ಚು ತಡೆಯುತ್ತವೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲವೆಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿದೆ. ಕೇಳಿದವರಿಗೆ ನಾನು ಮಾರುತ್ತೇನೆ, ಕೇಳದವರಿಗೆ ಹೇರುವುದಿಲ್ಲ. ಪರದೆಯಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣು ತೆಗೆದು ದೂರದ ತೆಂಗಿನ ತುದಿ ನೋಡುವುದಕ್ಕೆ ಖರ್ಚಿಲ್ಲ. ದಿನಕ್ಕೆ ಎರಡು ತಾಸು ಬಯಲಿನಲ್ಲಿ ಕಳೆದರೆ ಸಮೀಪದೃಷ್ಟಿ ಶುರುವಾಗುವ ಸಂಭವ ಕಡಿಮೆ ಎನ್ನುವುದಕ್ಕೆ ಆಧಾರವಿದೆ, ಮನೆಯಲ್ಲಿರುವ ತಮ್ಮ ತಂಗಿಯರಿಗೂ ಇದು ಅನ್ವಯ. ಬಿಸಿಲಿಗೆ ಕಪ್ಪಾಗುವ ಲೆನ್ಸ್ ಸೆಕೆಯಲ್ಲಿ ಕಡಿಮೆ ಕಪ್ಪಾಗುತ್ತದೆ, ಗಾಜು ಮುಚ್ಚಿದ ಕಾರಿನಲ್ಲಿ ಹೆಚ್ಚುಕಡಿಮೆ ಕಪ್ಪಾಗುವುದೇ ಇಲ್ಲ. ಕಡಲ ತೀರಕ್ಕೆಂದು ದುಡ್ಡು ಹಾಕುವವರು ಇದನ್ನು ತಿಳಿದಿರಬೇಕು.

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ತಂಪು ಕನ್ನಡಕ ಕೊಳ್ಳದ ಹದಿಹರೆಯದವರು ಕಡಿಮೆ. ಫೋಟೊಕ್ಕೆ ಹಾಕಿಕೊಳ್ಳಲಿ. ಬಿಸಿಲಲ್ಲಿ ತಾಸುಗಟ್ಟಲೆ ಬೇಡ: ಅತಿನೇರಳೆ ಕಿರಣ ತಡೆಯದ ಬರಿ ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ ಪಾಪೆ ಹಿಗ್ಗಿ, ಆ ಕಿರಣ ಇನ್ನಷ್ಟು ಒಳಗೆ ಹೋಗುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಎರಡನೇ ಕನ್ನಡಕವನ್ನು ಕೊಳ್ಳಿ. ಮೊದಲನೆಯದರ ಮೂರು ಸಂಖ್ಯೆಗಳು ನಿಮಗೆ ಗೊತ್ತಿರುತ್ತವೆ, ಮೂಗಿನ ಸ್ವಭಾವವೂ.

ಕೈಗೆ ಬಂದ ದಿನ, ಮತ್ತು ಆಮೇಲೆ

ಕನ್ನಡಕ ಸಿದ್ಧವಾಯಿತೆಂದು ಫೋನ್ ಬಂದಾಗ ಅಪ್ಪನೊಬ್ಬನೇ ಹೋಗಿ ತರುವುದು ನಮ್ಮ ಕಡೆಯ ರೂಢಿ. ಮಗುವನ್ನು ಕರೆತನ್ನಿ. ಮೇಜಿನ ಮೇಲೆ ಮಗುಚಿಟ್ಟಾಗ ಕನ್ನಡಕ ಕುಣಿಯಬಾರದು. ಹಾಕಿಸಿ ತಲೆ ಅಲ್ಲಾಡಿಸಿ ನೋಡಿ, ಅಂಗಡಿಯ ಮೆಟ್ಟಿಲು ಹತ್ತಿ ಇಳಿಸಿ, ರಸ್ತೆಯಾಚೆಯ ಬಸ್ಸಿನ ಬೋರ್ಡು ಓದಿಸಿ. ಹೊಸ ನಂಬರಿಗೆ ನೆಲ ಎರಡು ಮೂರು ದಿನ ಮೇಲೆ ಕೆಳಗೆ ಆದಂತೆ ಅನ್ನಿಸಬಹುದು. ವಾರ ದಾಟಿದರೂ ಹಾಗೇ ಇದ್ದರೆ ಮರಳಿ ಹೋಗಿ. ಒಂದು ವಾರದ ಬಳಿಕ ಹೇಗೂ ಹೋಗಬೇಕು, ಬೆವರಿಗೆ, ನಡಿಗೆಗೆ ಫ್ರೇಮ್ ಹದಗೊಂಡ ಮೇಲೆ ಮಾಡುವ ಎರಡನೇ ಹೊಂದಿಕೆಯೇ ನಿಜವಾದದ್ದು.

ಲೆನ್ಸನ್ನು ಸಮವಸ್ತ್ರದ ಅಂಚಿನಿಂದ, ಅಮ್ಮನ ಸೆರಗಿನಿಂದ ಒರೆಸಬಾರದು. ನಮ್ಮಲ್ಲಿ ಗಾಳಿಯಲ್ಲೇ ಉಪ್ಪು, ಮರಳು. ಒಣ ಬಟ್ಟೆ ಅದನ್ನೇ ಲೆನ್ಸಿಗೆ ಉಜ್ಜುತ್ತದೆ. ನಲ್ಲಿ ನೀರಿಗೆ ಹಿಡಿದು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಬೆರಳಲ್ಲಿ ತಿಕ್ಕಿ ತೊಳೆದು, ಮೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಿಸಿ ನೀರು ಬೇಡ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡುವುದೂ ಬೇಡ, ಲೇಪ ಬಿರುಕುಬಿಡುತ್ತದೆ. ಸಮುದ್ರಕ್ಕೆ ಇಳಿಯುವ ಮೊದಲು ತೆಗೆದು ದಂಡೆಯಲ್ಲಿ ಯಾರ ಕೈಗಾದರೂ ಕೊಡಲಿ. ಗೋಕರ್ಣದ ಅಲೆಗೆ ಕನ್ನಡಕ ಕೊಟ್ಟು ಬಂದವರಿಗೆ ಪ್ರತಿ ರಜೆಯಲ್ಲೂ ಹೊಸದು ಮಾಡಿಕೊಡುತ್ತೇನೆ.

ಯಕ್ಷಗಾನ ಕಲಿಯುವ ಮಕ್ಕಳ ಮನೆಯವರು ಕೇಳುವ ಪ್ರಶ್ನೆಯೊಂದಿದೆ: ವೇಷ ಕಟ್ಟಿದ ಮೇಲೆ ಕನ್ನಡಕ ಹಾಕುವಂತಿಲ್ಲ, ಏನು ಮಾಡುವುದು? ಅಭ್ಯಾಸದ ಕೊನೆಯ ಕೆಲವು ದಿನ ಕನ್ನಡಕವಿಲ್ಲದೆ ರಂಗದ ಅಳತೆ ಕಾಲಿಗೆ ಹತ್ತಿಸಿಕೊಳ್ಳಲಿ. ನಂಬರು ಹೆಚ್ಚಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಆಗಬಹುದೇ ಎಂದು ವೈದ್ಯರನ್ನೇ ಕೇಳಿ. ಬಣ್ಣ ಹಚ್ಚುವ ಮೊದಲು, ತೊಳೆದ ಕೈಯಿಂದ ಅದನ್ನು ಹಾಕಿಕೊಳ್ಳಬೇಕು.

ಆರು ತಿಂಗಳಿಗೋ, ಹೆಚ್ಚೆಂದರೆ ವರ್ಷಕ್ಕೋ ಕಣ್ಣು ಪರೀಕ್ಷೆ ಮಾಡಿಸಿ. ನಂಬರು ಬದಲಾದಾಗ ಫ್ರೇಮ್ ಗಟ್ಟಿಯಿದ್ದರೆ ಲೆನ್ಸ್ ಮಾತ್ರ ಬದಲಿಸಬಹುದು. ಹೊಸ ಫ್ರೇಮ್ ಕೊಂಡರೆ ಹಳೆಯದನ್ನು ಎಸೆಯದೆ ಪೆಟ್ಟಿಗೆಯಲ್ಲಿಟ್ಟು ಶಾಲೆಯ ಚೀಲದ ತಳಕ್ಕೆ ಸೇರಿಸಿ. ನಂಬರು 0.50ರಷ್ಟು ಕಡಿಮೆಯಿದ್ದರೂ ಬೋರ್ಡು ಮುಕ್ಕಾಲು ಕಾಣುತ್ತದೆ. ಪರೀಕ್ಷೆಯ ದಿನ ಕಡ್ಡಿ ಮುರಿದುಕೊಂಡು ಮುಚ್ಚಿದ ಷಟರ್ ಮುಂದೆ ನಿಂತವರನ್ನು ಪ್ರತಿ ಮಾರ್ಚ್‌ನಲ್ಲಿ ನೋಡುತ್ತೇನೆ. ಅವರ ಗಂಟೆ ಹೊಡೆಯುವುದು ಹತ್ತಕ್ಕೆ, ನಾನು ಬಾಗಿಲು ತೆರೆಯುವುದು ಒಂಬತ್ತೂವರೆಗೆ.